ಹಳೆ ಸಾಮಾನು ಆನ್‌ಲೈನ್‌ನಲ್ಲಿ ಮಾರುವಾಗ ರೊಕ್ಕ ಕಳೆದುಕೊಳ್ಳಬೇಡಿ: ಮಾರುವವರಿಗೆ ಸಮಗ್ರ ಮಾರ್ಗದರ್ಶಿ

ಬೆಟಗೇರಿಯಲ್ಲಿರುವ ನನ್ನ ಚಿಗವ್ವ ಎರಡು ವರ್ಷದ ಹಿಂದೆ ತನ್ನ ಹೊಲಿಗೆ ಮಷಿನ್ ಮಾರಲು ಹೊರಟಳು. ಕಾಲಿನಿಂದ ತುಳಿಯುವ ಮಷಿನ್ ಅದು. ಮೊಣಕಾಲು ನೋವು ಶುರುವಾದ ಮೇಲೆ ಮೂಲೆ ಸೇರಿತ್ತು. ಮಗ ಫೋಟೋ ತೆಗೆದು, 6,500 ರೂಪಾಯಿ ಅಂತ ಬರೆದು, ಆನ್‌ಲೈನ್‌ನಲ್ಲಿ ಹಾಕಿ ಕೆಲಸಕ್ಕೆ ಹೋದ. ಹತ್ತು ನಿಮಿಷವೂ ಆಗಿರಲಿಲ್ಲ, ಫೋನ್ ಬಂತು.

ಹಿಂದಿಯಲ್ಲಿ ಮಾತಾಡುತ್ತಿದ್ದ ಒಬ್ಬ ಹುಡುಗ. ತಾನು ಸೈನ್ಯದಲ್ಲಿದ್ದೇನೆ, ಬೆಳಗಾವಿಗೆ ವರ್ಗವಾಗಿದೆ, ಹೆಂಡತಿಗೆ ಮಷಿನ್ ಬೇಕು ಅಂದ. ಚಿಗವ್ವನನ್ನು 'ಮಾತಾಜಿ' ಅಂತ ಕರೆದ. ಬೆಲೆ ಕಡಿಮೆ ಮಾಡಿ ಅಂತ ಒಂದು ಸಲವೂ ಕೇಳಲಿಲ್ಲ. ಯೂನಿಫಾರ್ಮ್ ತೊಟ್ಟ ಫೋಟೋ ಕಳಿಸಿದ, ಗುರುತಿನ ಚೀಟಿ ಕಳಿಸಿದ, ಕ್ಯಾಂಟೀನ್ ಕಾರ್ಡನ್ನೂ ಕಳಿಸಿದ. 'ನಮ್ಮ ಮಿಲಿಟರಿ ಅಕೌಂಟ್‌ಗೆ ನಿಯಮ ಬೇರೆ. ನೀವು ಮೊದಲು 1 ರೂಪಾಯಿ ಹಾಕಿ, ನಿಮಗೆ 2 ರೂಪಾಯಿ ವಾಪಸ್ ಬರುತ್ತದೆ, ಆಗ ಅಕೌಂಟ್ ಸರಿ ಇದೆ ಅಂತ ಗೊತ್ತಾಗುತ್ತದೆ' ಅಂದ. ಚಿಗವ್ವ 1 ರೂಪಾಯಿ ಹಾಕಿದಳು. 2 ರೂಪಾಯಿ ಬಂದೇಬಿಟ್ಟಿತು.

ಆಮೇಲೆ ವಾಟ್ಸ್‌ಆ್ಯಪ್‌ಗೆ ಒಂದು ಕ್ಯೂಆರ್ ಕೋಡ್ ಬಂತು. ಅದರ ಕೆಳಗೆ 6,500 ಅಂತ ದೊಡ್ಡದಾಗಿ ಬರೆದಿತ್ತು, ಪಕ್ಕದಲ್ಲಿ ಹಸಿರು ಬಣ್ಣದ ಸರಿ ಗುರುತು. ಸ್ಕ್ಯಾನ್ ಮಾಡಿ ಪಿನ್ ಹಾಕಿದಳು. 6,500 ಹೋಯಿತು. 'ಅಯ್ಯೋ ಮಾತಾಜಿ, ಉಲ್ಟಾ ಆಯಿತು, ಇನ್ನೊಮ್ಮೆ ಮಾಡಿ, ಎರಡೂ ಸೇರಿ ವಾಪಸ್ ಬರುತ್ತದೆ' ಅಂದ. ಗಾಬರಿಯಲ್ಲಿ ಇನ್ನೊಮ್ಮೆ ಹಾಕಿದಳು. ಒಟ್ಟು 13,000. ಮಷಿನ್ ಮೂಲೆಯಲ್ಲೇ ಇತ್ತು.

ನಾನು ಆಮೇಲೆ ಫೋನ್ ತೆಗೆದು ನೋಡಿದೆ. ಆ ಕರೆ ನಡೆದದ್ದು ಹನ್ನೊಂದು ನಿಮಿಷ. 'ಅವ ಫೋನ್ ಇಡಾಕ ಬಿಡ್ಲೇ ಇಲ್ಲೋ' ಅಂತ ಚಿಗವ್ವ ಇವತ್ತಿಗೂ ಹೇಳುತ್ತಾಳೆ. ನಾಚಿಕೆಯಿಂದ ಮರುದಿನ ಸಂಜೆಯವರೆಗೆ ಯಾರಿಗೂ ಹೇಳಿರಲಿಲ್ಲ. ಆ ರೊಕ್ಕ ವಾಪಸ್ ಬರಲಿಲ್ಲ.

ನಾನಿರುವುದು ಧಾರವಾಡದ ಸಪ್ತಾಪುರದ ಹತ್ತಿರ. ಪರೀಕ್ಷೆ ತಯಾರಿಗೆ ಅಂತ ಗದಗ, ಹಾವೇರಿ, ಬಾಗಲಕೋಟೆ ಕಡೆಯಿಂದ ಬಂದ ಹುಡುಗರು ಇಲ್ಲಿ ರೂಮ್ ಮಾಡಿಕೊಂಡಿರುತ್ತಾರೆ. ರೂಮ್ ಬಿಡುವಾಗ ಕಾಟ್, ಟೇಬಲ್, ಕೂಲರ್, ಗ್ಯಾಸ್ ಒಲೆ ಎಲ್ಲ ಮಾರಬೇಕು. ಚಿಗವ್ವನ ಕಥೆ ಆದ ಮೇಲೆ ಈ ಹುಡುಗರು ಮಾರುವಾಗಲೆಲ್ಲ ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ನೋಡಿದ್ದನ್ನು, ಕಲಿತಿದ್ದನ್ನು ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು: ರೊಕ್ಕ ಬರಬೇಕಾದರೆ ನೀವು ಏನೂ ಮಾಡಬೇಕಾಗಿಲ್ಲ

ನಿಮ್ಮ ಖಾತೆಗೆ ಯಾರೋ ರೊಕ್ಕ ಹಾಕುತ್ತಾರೆ ಅಂದರೆ ಕೆಲಸವೆಲ್ಲ ಅವರ ಫೋನಿನಲ್ಲಿ ಆಗಬೇಕು. ನಿಮ್ಮ ಫೋನ್ ಸ್ವಿಚ್ ಆಫ್ ಆಗಿದ್ದರೂ ರೊಕ್ಕ ಬರುತ್ತದೆ. ನೀವು ಉಣಕಲ್ ಕೆರೆ ದಂಡೆಯಲ್ಲಿ ಮಲಗಿ ನಿದ್ದೆ ಮಾಡುತ್ತಿದ್ದರೂ ಬರುತ್ತದೆ. ಸ್ಕ್ಯಾನ್ ಬೇಡ, ಪಿನ್ ಬೇಡ, ಒಟಿಪಿ ಬೇಡ, ಲಿಂಕ್ ಒತ್ತುವುದು ಬೇಡ.

ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವವನು ಕೊಡುವವನು. ಕಿರಾಣಿ ಅಂಗಡಿ ನೆನಪಿಸಿಕೊಳ್ಳಿ. ಕೋಡ್ ಅಂಟಿಸಿರುವುದು ಅಂಗಡಿಯವರ ಗಲ್ಲೆಯ ಹತ್ತಿರ, ಸ್ಕ್ಯಾನ್ ಮಾಡುವುದು ನಾವು, ರೊಕ್ಕ ಹೋಗುವುದು ಅವರಿಗೆ. ಮಾರುವಾಗ ನೀವೇ ಅಂಗಡಿಯವರು. ಗಿರಾಕಿ ನಿಮಗೆ ಕೋಡ್ ಕಳಿಸಿದ ಅಂದರೆ ಅವನು ಅಂಗಡಿಯವನಾದ, ನೀವು ಗಿರಾಕಿ ಆದಿರಿ. ಅಲ್ಲಿಗೆ ಮಾತು ಮುಗಿಸಿ.

ಪಿನ್ ಬಗ್ಗೆ ಒಂದು ವಿವರ ಹೇಳಲೇಬೇಕು. 'ರೊಕ್ಕ ಕಳಿಸಲು ಮಾತ್ರ ಪಿನ್ ಬೇಕು' ಅಂತ ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಬ್ಯಾಲೆನ್ಸ್ ನೋಡಲೂ ಯುಪಿಐ ಪಿನ್ ಹಾಕಬೇಕು, ಆಟೋಪೇಗೆ, ಅಂದರೆ ಕಂತು ಬಿಲ್ಲುಗಳ ರೊಕ್ಕ ತಾನಾಗಿ ಕಡಿತವಾಗಲು, ಒಪ್ಪಿಗೆ ಕೊಡಲೂ ಹಾಕಬೇಕು. ವಂಚಕರು ಈ ಸಂದನ್ನು ಬಳಸಿಕೊಳ್ಳುತ್ತಾರೆ. 'ರೊಕ್ಕ ಬಂದಿದೆಯಾ ನೋಡಿ' ಅಂತ ಕರೆಯಲ್ಲಿ ಇಟ್ಟುಕೊಂಡೇ ಹೇಳುತ್ತಾರೆ. ನೀವು ಬ್ಯಾಲೆನ್ಸ್ ನೋಡಲು ಅಂದುಕೊಂಡು ಪಿನ್ ಹಾಕಿದ ಪುಟ ಬೇರೆಯೇ ಆಗಿರಬಹುದು. ಪಿನ್ ಪುಟದ ಮೇಲ್ಭಾಗದಲ್ಲಿ ಎಷ್ಟು, ಯಾರಿಗೆ ಅಂತ ಇರುತ್ತದೆ. ಅಲ್ಲಿ ಮೊತ್ತ ಕಂಡರೆ ಅದು ಹೋಗುವ ರೊಕ್ಕ. ಬ್ಯಾಲೆನ್ಸ್ ನೋಡುವುದಿದ್ದರೆ ಮೊದಲು ಫೋನ್ ಇಡಿ, ಆಮೇಲೆ ನೋಡಿ. ಈಗ ಪಿನ್ ಬದಲು ಬೆರಳಚ್ಚು ಅಥವಾ ಮುಖ ತೋರಿಸಿ ರೊಕ್ಕ ಕಳಿಸುವ ಸೌಲಭ್ಯವೂ ಬಂದಿದೆ. 'ಪಿನ್ ಹಾಕಬೇಡಿ, ಬೆರಳು ಒತ್ತಿ ಸಾಕು' ಅಂದರೂ ಅರ್ಥ ಒಂದೇ.

ಹೆಜ್ಜೆ 1: ಜಾಹೀರಾತು ಹಾಕುವ ಮೊದಲು

ಒಎಲ್‌ಎಕ್ಸ್ ಇರಲಿ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಇರಲಿ, ಊರಿನ ವಾಟ್ಸ್‌ಆ್ಯಪ್ ಗುಂಪೇ ಇರಲಿ, ತಯಾರಿ ಒಂದೇ.

ಮೊದಲನೆಯದು, ರೊಕ್ಕ ಯಾವ ಖಾತೆಗೆ ಬರಬೇಕು ಅಂತ ತೀರ್ಮಾನಿಸಿ. ಪಗಾರ ಬರುವ ಖಾತೆ, ಮನೆ ಉಳಿತಾಯದ ಖಾತೆ ಬೇಡ. ಎರಡು ಸಾವಿರ ರೂಪಾಯಿಗಿಂತ ಜಾಸ್ತಿ ಇಲ್ಲದ ಒಂದು ಖಾತೆಯನ್ನು ಇದಕ್ಕೆ ಇಟ್ಟುಕೊಳ್ಳಿ. ಏನಾದರೂ ತಪ್ಪಿದರೂ ಹೋಗುವುದು ಅಷ್ಟೇ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ರಕ್ಷಣೆ. ಯಾಕಂದರೆ ಎಷ್ಟೇ ಎಚ್ಚರ ಇದ್ದವರೂ ಒಂದು ದಿನ ಸುಸ್ತಾಗಿರುತ್ತಾರೆ, ಅವಸರದಲ್ಲಿರುತ್ತಾರೆ.

ಎರಡನೆಯದು, ಫೋನ್‌ಪೇ, ಗೂಗಲ್ ಪೇ ಇಂಥ ಆ್ಯಪ್‌ಗಳ ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ಮನೆಯಲ್ಲಿ ದೊಡ್ಡವರಿದ್ದರೆ ಇದನ್ನು ಇವತ್ತೇ ಮಾಡಿಕೊಡಿ. ಚಿಗವ್ವ ಏಳನೇ ಇಯತ್ತೆವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಇಂಗ್ಲಿಷ್‌ನಲ್ಲಿ ಇದ್ದ ಗುಂಡಿ ಅವಳಿಗೆ ಬರೀ ಒಂದು ನೀಲಿ ಪಟ್ಟಿ. ಅದರ ಮೇಲೆ 'ಪಾವತಿಸಿ' ಅಂತ ಇದ್ದಿದ್ದರೆ ಅವಳ ಕೈ ಅಲ್ಲೇ ನಿಲ್ಲುತ್ತಿತ್ತು ಅಂತ ನನಗೆ ಖಾತ್ರಿ ಇದೆ.

ಫೋಟೋದಲ್ಲಿ ಬಿಲ್ ನಂಬರ್, ಮೊಬೈಲ್‌ನ ಐಎಂಇಐ, ಗಾಡಿಯ ಆರ್‌ಸಿ, ಮನೆ ನಂಬರ್ ಕಾಣದಂತೆ ನೋಡಿಕೊಳ್ಳಿ. ಏರಿಯಾದ ಹೆಸರು ಸಾಕು. 'ನವನಗರ', 'ಕೇಶ್ವಾಪುರ' ಅಂತ ಬರೆದರೆ ಗಿರಾಕಿಗೆ ತಿಳಿಯುತ್ತದೆ. ಜಾಹೀರಾತಿನ ಕೊನೆಗೆ ಒಂದು ಸಾಲು ಸೇರಿಸಿ: 'ಬಂದು ನೋಡಿ, ಕೈಯಲ್ಲಿ ರೊಕ್ಕ ಕೊಟ್ಟು ಅಥವಾ ಎದುರಿಗೆ ಯುಪಿಐ ಮಾಡಿ ಒಯ್ಯಬೇಕು. ಮುಂಗಡ ಬೇಡ, ಕೊರಿಯರ್ ಇಲ್ಲ.' ಈ ಒಂದು ಸಾಲು ನೋಡಿ ಅರ್ಧ ವಂಚಕರು ಮುಂದೆ ಹೋಗುತ್ತಾರೆ.

ಹೆಜ್ಜೆ 2: ಮೊದಲ ಫೋನ್‌ನಲ್ಲೇ ಗಿರಾಕಿಯನ್ನು ತೂಗಿ

ನಮ್ಮ ಕಡೆ ಜನ ಸಾಮಾನು ಹೇಗೆ ಕೊಳ್ಳುತ್ತಾರೆ ಅಂತ ಯೋಚಿಸಿ. ಸಂತೆಯಲ್ಲಿ ಹತ್ತು ರೂಪಾಯಿಯ ಬದನೆಕಾಯಿ ಕೊಳ್ಳುವಾಗಲೂ ತಿರುಗಿಸಿ ನೋಡುತ್ತಾರೆ, ಹುಳ ಇದೆಯಾ ಅಂತ ತೊಟ್ಟು ನೋಡುತ್ತಾರೆ. ಹಳೆ ಕೂಲರ್ ಕೊಳ್ಳಲು ಬಂದವನು ನೀರು ಹಾಕಿ ಓಡಿಸಿ ನೋಡುತ್ತಾನೆ, ಹಿಂದಿನ ಹುಲ್ಲಿನ ಪ್ಯಾಡ್ ಎಳೆದು ನೋಡುತ್ತಾನೆ, 'ಮೋಟರ್ ಸೌಂಡ್ ಮಾಡಾಕತ್ತೈತಲ್ರೀ' ಅಂತ ಐನೂರು ಕಡಿಮೆ ಮಾಡಿಸುತ್ತಾನೆ. ನಿಜವಾದ ಗಿರಾಕಿಯ ಗುರುತು ಇದೇ. ಅವನು ಪ್ರಶ್ನೆ ಕೇಳುತ್ತಾನೆ. ಎಷ್ಟು ವರ್ಷ ಆಯಿತು, ರಿಪೇರಿ ಆಗಿದೆಯಾ, ಯಾವಾಗ ಬಂದು ನೋಡಲಿ, ಕೊನೆ ರೇಟ್ ಎಷ್ಟು.

ವಂಚಕನಿಗೆ ಸಾಮಾನು ಬೇಡ. ಹಾಗಾಗಿ ಸಾಮಾನಿನ ಬಗ್ಗೆ ಅವನು ಏನೂ ಕೇಳುವುದಿಲ್ಲ. ಹೇಳಿದ ಬೆಲೆಗೆ ಒಪ್ಪುತ್ತಾನೆ, ಎರಡನೇ ಮಾತಿಗೇ ರೊಕ್ಕದ ವಿಷಯಕ್ಕೆ ಬರುತ್ತಾನೆ. 'ಫೋನ್‌ಪೇ ಇದೆಯಾ? ಗೂಗಲ್ ಪೇ ಇದೆಯಾ? ಯಾವ ಬ್ಯಾಂಕ್?' ಚೌಕಾಸಿ ಮಾಡದ ಗಿರಾಕಿ ಕಂಡರೆ ನನಗೆ ಈಗ ಖುಷಿಯಾಗುವುದಿಲ್ಲ, ಭಯವಾಗುತ್ತದೆ.

ಅನುಮಾನ ಬಂದರೆ ಈ ಮೂರು ಪ್ರಶ್ನೆ ಕೇಳಿ ನೋಡಿ. ನಾನು ಹುಡುಗರಿಗೆ ಇದನ್ನೇ ಹೇಳಿಕೊಡುತ್ತೇನೆ.

ಒಂದು, 'ನೀವು ಈಗ ಎಲ್ಲಿದ್ದೀರಿ?' ಹುಬ್ಬಳ್ಳಿ ಅಂದರೆ, 'ಹುಬ್ಬಳ್ಳಿಯಲ್ಲಿ ಎಲ್ಲಿ?' ಅಂತ ಕೇಳಿ. ಗೋಕುಲ ರೋಡಾ, ಹಳೇ ಹುಬ್ಬಳ್ಳಿಯಾ, ದುರ್ಗದಬೈಲ್ ಹತ್ತಿರವಾ? ಇಲ್ಲಿಯವರು ತಟ್ಟನೆ ಹೇಳುತ್ತಾರೆ. ವಂಚಕ ತೇಲಿಸುತ್ತಾನೆ, ಇಲ್ಲಾ ನಕ್ಷೆ ನೋಡಿ ಓದುತ್ತಾನೆ.

ಎರಡು, 'ಸಾಮಾನಿನಲ್ಲಿ ಒಂದು ದೋಷ ಇದೆ, ಬಂದು ನೋಡಿಯೇ ಒಯ್ಯಬೇಕು.' ನಿಜವಾದ ಗಿರಾಕಿ ಏನು ದೋಷ ಅಂತ ಕೇಳುತ್ತಾನೆ. ವಂಚಕ 'ಪರವಾಗಿಲ್ಲ, ರೊಕ್ಕ ಈಗಲೇ ಹಾಕುತ್ತೇನೆ' ಅನ್ನುತ್ತಾನೆ.

ಮೂರು, 'ನಾನು ಅರ್ಧ ಗಂಟೆ ಬಿಟ್ಟು ಫೋನ್ ಮಾಡುತ್ತೇನೆ.' ವಂಚಕ ಇದಕ್ಕೆ ಒಪ್ಪುವುದೇ ಇಲ್ಲ. ಬೇರೆ ಗಿರಾಕಿ ಇದ್ದಾನೆ, ಗಾಡಿ ಹೊರಟಿದೆ, ಸಾಹೇಬರು ಬೈಯುತ್ತಾರೆ, ಹೀಗೆ ಏನೋ ಒಂದು ಹೇಳಿ ಕರೆಯಲ್ಲೇ ಇರಿಸಿಕೊಳ್ಳಲು ನೋಡುತ್ತಾನೆ. ಫೋನ್ ಇಟ್ಟರೆ ನೀವು ಪಕ್ಕದವರನ್ನು ಕೇಳುತ್ತೀರಿ ಅಂತ ಅವನಿಗೆ ಗೊತ್ತು.

ಸೈನಿಕರ ಹೆಸರು ಹೇಳುವವರ ಬಗ್ಗೆ ಬೇರೆಯಾಗಿ ಹೇಳಬೇಕು. ನಮ್ಮ ಊರುಗಳಲ್ಲಿ ಸೈನ್ಯಕ್ಕೆ ಮಗನನ್ನು ಕಳಿಸಿದ ಮನೆಗಳು ಬಹಳ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವೇ ಇದೆ. ಹಾಗಾಗಿ ಸೈನಿಕ ಅಂದ ತಕ್ಷಣ ಮನಸ್ಸು ಮೆತ್ತಗಾಗುತ್ತದೆ. ಆ ಮೆತ್ತನೆ ಜಾಗಕ್ಕೇ ಕೈ ಹಾಕುತ್ತಾರೆ. ಫೋಟೋದಲ್ಲಿರುವ ಗುರುತಿನ ಚೀಟಿ ಬಹಳ ಸಲ ಇನ್ನೊಬ್ಬ ನಿಜವಾದ ಸೈನಿಕನದೇ ಆಗಿರುತ್ತದೆ. ಅವನಿಗೆ ತನ್ನ ಚೀಟಿ ಹೀಗೆ ಓಡಾಡುತ್ತಿದೆ ಅಂತ ಗೊತ್ತೂ ಇರುವುದಿಲ್ಲ. 'ಮಿಲಿಟರಿ ಅಕೌಂಟ್', 'ಸೈನ್ಯದ ಕ್ಯೂಆರ್', '1 ರೂಪಾಯಿ ಹಾಕಿದರೆ 2 ರೂಪಾಯಿ ವಾಪಸ್', ಇಂಥ ವ್ಯವಸ್ಥೆ ಯಾವುದೂ ಇಲ್ಲ. ಸೈನಿಕರೂ ನಮ್ಮ ನಿಮ್ಮ ಹಾಗೇ ಮಾಮೂಲಿ ಬ್ಯಾಂಕ್ ಖಾತೆಯಿಂದಲೇ ರೊಕ್ಕ ಕೊಡುತ್ತಾರೆ. ಕೇಳದೆಯೇ ಗುರುತಿನ ಚೀಟಿ ಕಳಿಸುವವನನ್ನು ನಂಬಬೇಡಿ.

ಹೆಜ್ಜೆ 3: ರೊಕ್ಕ ಹೇಗೆ ಬರಬೇಕು ಅಂತ ನೀವೇ ಹೇಳಿ

ದಾರಿ ಎರಡೇ ಇಟ್ಟುಕೊಳ್ಳಿ. ಎದುರಿಗೆ ನಗದು. ಇಲ್ಲವೇ ಎದುರಿಗೆ ನಿಂತು ನಿಮ್ಮ ಕ್ಯೂಆರ್ ಕೋಡನ್ನು ಅವರು ಸ್ಕ್ಯಾನ್ ಮಾಡುವುದು. ಬೇರೆ ಊರಿನ ಗಿರಾಕಿ ಖಾತೆಗೆ ಹಾಕುತ್ತೇನೆ ಅಂದರೆ ಖಾತೆ ನಂಬರ್, ಐಎಫ್‌ಎಸ್‌ಸಿ ಕೋಡ್, ಹೆಸರು, ಇಷ್ಟು ಕೊಟ್ಟರೆ ಸಾಕು. ಕಾರ್ಡ್ ನಂಬರ್, ಅದರ ಹಿಂದಿನ ಮೂರು ಅಂಕಿ, ಎಕ್ಸ್‌ಪೈರಿ ದಿನಾಂಕ ಕೇಳಿದರೆ ಅವನು ರೊಕ್ಕ ಹಾಕುವವನಲ್ಲ.

ಚೆಕ್ ಬೇಡ ಅಂತ ನಾನು ಖಡಾಖಂಡಿತ ಹೇಳುತ್ತೇನೆ. ಚೆಕ್ ಕಟ್ಟಿದ ಸ್ಲಿಪ್ ತೋರಿಸಿ 'ಜಮಾ ಆಗಿದೆ' ಅನ್ನುತ್ತಾರೆ. ಕಟ್ಟುವುದು ಬೇರೆ, ಪಾಸ್ ಆಗುವುದು ಬೇರೆ. ಗಾಡಿ ಮಾರುವಾಗ ಡಿಡಿ ಕೊಟ್ಟರೆ ಅದನ್ನು ಬ್ಯಾಂಕಿಗೆ ಒಯ್ದು ಖಾತೆಗೆ ಜಮಾ ಆದ ಮೇಲೆಯೇ ಕೀಲಿ ಕೊಡಿ. ನಕಲಿ ಡಿಡಿಗಳೂ ಇವೆ.

ಹೆಜ್ಜೆ 4: ಬಲೆಗಳನ್ನು ಗುರುತಿಸಿ

ಕಲೆಕ್ಟ್ ರಿಕ್ವೆಸ್ಟ್. ನಿಮ್ಮ ಯುಪಿಐ ಆ್ಯಪ್‌ಗೆ 'ಇಷ್ಟು ರೊಕ್ಕ ಕೊಡಿ' ಅಂತ ಬೇಡಿಕೆ ಕಳಿಸಿ, ಅದನ್ನು 'ರೊಕ್ಕ ಬರುತ್ತಿದೆ, ಒಪ್ಪಿಗೆ ಕೊಡಿ' ಅಂತ ಹೇಳಿ ಒತ್ತಿಸುವುದು ಬಹಳ ವರ್ಷ ನಡೆಯಿತು. ಬೇಡಿಕೆಯ ಕೆಳಗೆ ಟಿಪ್ಪಣಿ ಬರೆಯುವ ಜಾಗದಲ್ಲಿ 'ರೊಕ್ಕ ಪಡೆಯಿರಿ' ಅಂತ ಅವರೇ ಬರೆದಿರುತ್ತಿದ್ದರು. ಇದರ ಕಾಟ ತಡೆಯಲು ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಕಲೆಕ್ಟ್ ರಿಕ್ವೆಸ್ಟನ್ನೇ ನಿಲ್ಲಿಸಿತು. ಆದರೆ ವ್ಯಾಪಾರಿಗಳ ಹೆಸರಿನಲ್ಲಿ ಬೇಡಿಕೆ ಬರಬಹುದು. ನೀವೇ ಏನಾದರೂ ಕೊಂಡಿದ್ದರೆ ಮಾತ್ರ ಅದಕ್ಕೆ ಒಪ್ಪಿಗೆ ಕೊಡಬೇಕು. ಮಾರುವವರಿಗೆ ಅದು ಬರುವ ಕಾರಣವೇ ಇಲ್ಲ.

ನಕಲಿ ಸ್ಕ್ರೀನ್. ಇದು ಎದುರಿಗೆ ನಿಂತೇ ನಡೆಯುವ ಮೋಸ. ರಾಣೇಬೆನ್ನೂರಿನ ನನ್ನ ಗೆಳೆಯ ತನ್ನ ಹಳೆ ಮೊಬೈಲ್ ಮಾರಿದ. ಬಂದ ಇಬ್ಬರು ಹುಡುಗರು ಅರ್ಧ ಗಂಟೆ ಚೌಕಾಸಿ ಮಾಡಿದರು, ಅವನ ಕೋಡ್ ಸ್ಕ್ಯಾನ್ ಮಾಡಿದರು, ಟಿಂಗ್ ಅಂತ ಸದ್ದಾಯಿತು, ಹಸಿರು ಪರದೆಯ ಮೇಲೆ ಇವನ ಹೆಸರು, ಮೊತ್ತ ಎಲ್ಲ ಸರಿಯಾಗಿ ಬಂತು. ಇವನು ಅವರ ಫೋನ್ ನೋಡಿ ತಲೆ ಆಡಿಸಿ ಮೊಬೈಲ್ ಕೊಟ್ಟ. ಸಂಜೆಯಾದರೂ ರೊಕ್ಕ ಬರಲಿಲ್ಲ. ಪೇಮೆಂಟ್ ಆ್ಯಪ್‌ಗಳ ಹಾಗೇ ಕಾಣುವ, ಹಾಗೇ ಸದ್ದು ಮಾಡುವ ನಕಲಿ ಆ್ಯಪ್‌ಗಳಿವೆ. ಬೇಕಾದ ಹೆಸರು, ಮೊತ್ತ ಹಾಕಿದರೆ ಸಾಕು, 'ಯಶಸ್ವಿ' ಅಂತ ತೋರಿಸುತ್ತವೆ. ಹಾಗಾಗಿ ಗಿರಾಕಿಯ ಫೋನ್ ಯಾವತ್ತೂ ಪುರಾವೆ ಅಲ್ಲ. ನಿಮ್ಮ ಬ್ಯಾಂಕ್ ಆ್ಯಪ್ ತೆರೆದು ಖಾತೆಯ ವಹಿವಾಟಿನ ಪಟ್ಟಿಯಲ್ಲಿ ಆ ಮೊತ್ತ ಇದೆಯಾ ನೋಡಿ. ಇದ್ದರೆ ಬಂದಿದೆ, ಇಲ್ಲದಿದ್ದರೆ ಬಂದಿಲ್ಲ.

'ನನ್ನ ಖಾತೆಯಿಂದ ಹೋಗಿದೆ, ನಿಮ್ಮ ಬ್ಯಾಂಕ್ ಸರ್ವರ್ ಡೌನ್ ಇರಬೇಕು' ಅಂತ ಜಗಳ ತೆಗೆಯುವವರೂ ಇದ್ದಾರೆ. ಕೆಲವು ಸಲ ಅದು ನಿಜವೂ ಇರುತ್ತದೆ. ಆಗ ಸಮಾಧಾನದಿಂದ ಹೇಳಿ. 2019ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಯುಪಿಐನಲ್ಲಿ ಕಳಿಸಿದವರ ಖಾತೆಯಿಂದ ಕಡಿತವಾಗಿ ಪಡೆಯುವವರಿಗೆ ಮುಟ್ಟದ ರೊಕ್ಕ ಮರುದಿನದೊಳಗೆ ತಾನಾಗಿ ವಾಪಸ್ ಹೋಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅಂದರೆ ಗಿರಾಕಿಗೆ ನಷ್ಟ ಇಲ್ಲ. 'ರೊಕ್ಕ ಬಂದರೆ ನಾನೇ ಫೋನ್ ಮಾಡುತ್ತೇನೆ, ಬಂದು ಒಯ್ಯಿರಿ' ಅನ್ನಿ. ಸಾಮಾನು ನಿಮ್ಮ ಮನೆಯಲ್ಲೇ ಇರಲಿ.

ಜಾಸ್ತಿ ಬಂತು ಅನ್ನುವ ಎಸ್‌ಎಂಎಸ್. ಕೂಲರ್‌ಗೆ 1,500 ರೂಪಾಯಿ ಮಾತಾಗಿರುತ್ತದೆ. ನಿಮ್ಮ ಫೋನ್‌ಗೆ '15,000 ಜಮಾ ಆಗಿದೆ' ಅಂತ ಎಸ್‌ಎಂಎಸ್ ಬರುತ್ತದೆ. ಹಿಂದೆಯೇ ಫೋನ್: 'ಅಣ್ಣಾ, ಒಂದು ಸೊನ್ನೆ ಜಾಸ್ತಿ ಬಿದ್ದುಬಿಟ್ಟಿತು, ಆಸ್ಪತ್ರೆಗೆ ಕಟ್ಟಬೇಕಿದ್ದ ರೊಕ್ಕ, 13,500 ವಾಪಸ್ ಹಾಕಿ.' ಒಳ್ಳೆ ಮನಸ್ಸಿನವರೇ ಇದಕ್ಕೆ ಬೀಳುತ್ತಾರೆ, ಅದೇ ಸಂಕಟ. ಆ ಎಸ್‌ಎಂಎಸ್ ಬಂದ ನಂಬರ್ ನೋಡಿ. ಬ್ಯಾಂಕಿನ ಎಸ್‌ಎಂಎಸ್ ಹತ್ತು ಅಂಕಿಯ ಮೊಬೈಲ್ ನಂಬರ್‌ನಿಂದ ಬರುವುದಿಲ್ಲ. ಬ್ಯಾಂಕಿನ ಹೆಸರಿನ ಅಕ್ಷರಗಳಿಂದ ಬರುತ್ತದೆ, 2025ರಿಂದ ಕೊನೆಗೆ ಒಂದು ಗೀಟು ಮತ್ತು ಇಂಗ್ಲಿಷಿನ ಎಸ್ ಅಥವಾ ಟಿ ಅಕ್ಷರ ಇರುತ್ತದೆ. ಎಸ್‌ಎಂಎಸ್ ಹಳೆಯವುಗಳ ಹಾಗೇ ಕಂಡರೂ ಖಾತೆ ತೆರೆದು ನೋಡದೆ ನಂಬಬೇಡಿ. ಒಂದು ವೇಳೆ ರೊಕ್ಕ ನಿಜವಾಗಿಯೂ ಜಾಸ್ತಿ ಬಂದಿದ್ದರೆ? ಅವನು ಹೇಳಿದ ನಂಬರ್‌ಗೆ ನೀವು ಕಳಿಸಬೇಡಿ. 'ನಿಮ್ಮ ಬ್ಯಾಂಕಿನಲ್ಲಿ ದೂರು ಕೊಡಿ, ನಾನೂ ನನ್ನ ಬ್ಯಾಂಕಿಗೆ ಬರೆದು ಕೊಡುತ್ತೇನೆ' ಅನ್ನಿ. ಬ್ಯಾಂಕಿನ ಮೂಲಕವೇ ವಾಪಸ್ ಹೋಗಲಿ.

ಕೊರಿಯರ್ ಬಲೆ. 'ನಮ್ಮ ಕೊರಿಯರ್ ಹುಡುಗ ಬಂದು ನಗದು ಕೊಟ್ಟು ಒಯ್ಯುತ್ತಾನೆ. ಇನ್ಶೂರೆನ್ಸ್ 499 ಮಾತ್ರ ನೀವು ಕಟ್ಟಿ, ಅದೂ ವಾಪಸ್ ಬರುತ್ತದೆ.' ಮಾರುವವರು ಮುಂಚಿತವಾಗಿ ಕಟ್ಟುವಂಥದ್ದು ಏನೂ ಇಲ್ಲ, ಅಷ್ಟೇ. ಇದರಲ್ಲೇ ಇನ್ನೊಂದು ಬಗೆ, ಲಿಂಕ್ ಕಳಿಸಿ 'ಇಲ್ಲಿ ಕಾರ್ಡ್ ವಿವರ ಹಾಕಿದರೆ ರೊಕ್ಕ ಜಮಾ' ಅನ್ನುವುದು. ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್ (ಪ್ಲೇ ಸ್ಟೋರ್ ಹೊರಗಿನಿಂದ ಆ್ಯಪ್ ಹಾಕುವ ಫೈಲ್) ಕಳಿಸಿ ಇನ್‌ಸ್ಟಾಲ್ ಮಾಡಿಸುವುದು. ಎಪಿಕೆ ಹಾಕಿಕೊಂಡರೆ ನಿಮ್ಮ ಎಸ್‌ಎಂಎಸ್, ಒಟಿಪಿ ಎಲ್ಲ ಅವರ ಕೈಗೆ ಹೋಗಬಹುದು. ಎನಿಡೆಸ್ಕ್ ತರಹದ ಸ್ಕ್ರೀನ್ ಹಂಚುವ ಆ್ಯಪ್ ಹಾಕಿ ಅಂದರೂ ಹಾಗೇ. ವಾಟ್ಸ್‌ಆ್ಯಪ್ ವಿಡಿಯೋ ಕರೆಯಲ್ಲಿ 'ಸ್ಕ್ರೀನ್ ಶೇರ್ ಒತ್ತಿ, ನಾನು ತೋರಿಸುತ್ತೇನೆ' ಅನ್ನುವವರೂ ಇದ್ದಾರೆ.

'ನೀವು ನಿಜವಾದ ಮಾರಾಟಗಾರರಾ ಅಂತ ನೋಡಬೇಕು, ನಿಮಗೆ ಬಂದ ಆರು ಅಂಕಿಯ ಕೋಡ್ ಹೇಳಿ' ಅಂದರೆ ಅದು ಬಹುಶಃ ನಿಮ್ಮ ವಾಟ್ಸ್‌ಆ್ಯಪ್ ಕೋಡ್. ಹೇಳಿದರೆ ಖಾತೆ ಅವರದಾಗುತ್ತದೆ, ಮರುಕ್ಷಣ ನಿಮ್ಮ ಬೀಗರಿಗೆಲ್ಲ ನಿಮ್ಮ ಹೆಸರಿನಲ್ಲಿ ಸಾಲ ಕೇಳುವ ಮೆಸೇಜ್ ಹೋಗುತ್ತದೆ.

ಕೊನೆಯದು ಬಹಳ ಜನರಿಗೆ ಗೊತ್ತಿಲ್ಲ: ರೊಕ್ಕ ನಿಜವಾಗಿ ಬಂದು ಆಮೇಲೆ ತೊಂದರೆ ಆಗುವುದು. ಸಪ್ತಾಪುರದ ಒಬ್ಬ ಹುಡುಗ ಲ್ಯಾಪ್‌ಟಾಪ್ ಮಾರಿದ. ರೊಕ್ಕ ಬಂತು, ಖಾತೆಯಲ್ಲೂ ಕಂಡಿತು. ಹದಿನೈದು ದಿನದ ಮೇಲೆ ಖಾತೆಯಲ್ಲಿ ಅಷ್ಟು ಮೊತ್ತಕ್ಕೆ ತಡೆ ಬಿತ್ತು. ಬ್ಯಾಂಕಿನವರು ಇದನ್ನು ಲೀನ್ ಅನ್ನುತ್ತಾರೆ. ಕೊಂಡವನು ಬೇರೆ ಯಾರನ್ನೋ ವಂಚಿಸಿ, ಆ ರೊಕ್ಕವನ್ನು ನೇರವಾಗಿ ಇವನ ಖಾತೆಗೆ ಹಾಕಿಸಿದ್ದ. ಆ ಬಡಪಾಯಿ ದೂರು ಕೊಟ್ಟಾಗ ಇವನ ಖಾತೆ ಸಿಕ್ಕಿಬಿತ್ತು. ಇದನ್ನು ತಪ್ಪಿಸಲು ಒಂದೇ ದಾರಿ, ರೊಕ್ಕ ಬಂದ ಹೆಸರು ಮತ್ತು ಎದುರಿಗೆ ನಿಂತವನ ಹೆಸರು ಒಂದೇ ಇದೆಯಾ ನೋಡುವುದು. 'ನನ್ನ ಗೆಳೆಯ ಹಾಕುತ್ತಾನೆ' ಅಂದರೆ ಬೇಡ ಅನ್ನಿ. ಮೊಬೈಲ್, ಲ್ಯಾಪ್‌ಟಾಪ್, ಗಾಡಿ ಇಂಥ ಬೆಲೆಯ ಸಾಮಾನಿಗೆ ಕೊಂಡವರ ಗುರುತಿನ ಚೀಟಿಯ ಪ್ರತಿ ಮತ್ತು ಸಹಿ ಇರುವ ಒಂದು ಹಾಳೆ ಇಟ್ಟುಕೊಳ್ಳಿ. ಆ ಹುಡುಗನ ಹತ್ತಿರ ಮಾತುಕತೆಯ ಮೆಸೇಜ್‌ಗಳೂ ಲ್ಯಾಪ್‌ಟಾಪ್ ಬಿಲ್ಲೂ ಇದ್ದವು. ಬ್ಯಾಂಕಿನಿಂದ ದೂರಿನ ನಂಬರ್ ತೆಗೆದುಕೊಂಡು, ಸಂಬಂಧಪಟ್ಟ ಠಾಣೆಗೆ ಎಲ್ಲ ಕಳಿಸಿದ ಮೇಲೆ ತಡೆ ತೆಗೆದರು. ಅಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು.

ಹೆಜ್ಜೆ 5: ಸಾಮಾನು ಕೈ ಬದಲಾಗುವ ಹೊತ್ತು

ಸಣ್ಣ ಸಾಮಾನಿಗೆ ಮನೆಗೆ ಕರೆಯಬೇಡಿ. ಹುಬ್ಬಳ್ಳಿ-ಧಾರವಾಡದಲ್ಲಿ ಚಿಗರಿ ಬಸ್ ನಿಲ್ದಾಣಗಳು ಒಳ್ಳೆ ಜಾಗ. ಜನ ಇರುತ್ತಾರೆ, ಸಿಬ್ಬಂದಿ ಇರುತ್ತಾರೆ, ಎರಡೂ ಊರಿನವರಿಗೆ ಬರಲು ಸುಲಭ. ಹಗಲು ಹೊತ್ತು ಇಟ್ಟುಕೊಳ್ಳಿ, ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಕಾಟ್, ತಿಜೋರಿ ತರಹದ ದೊಡ್ಡ ಸಾಮಾನು ಮನೆಯಲ್ಲೇ ತೋರಿಸಬೇಕಾಗುತ್ತದೆ. ಆಗ ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿಡಿ.

ಕ್ರಮ ಹೀಗಿರಲಿ. ಅವರು ಸಾಮಾನು ನೋಡಲಿ. ಬೆಲೆ ಕೊನೆ ಆಗಲಿ. ನಿಮ್ಮ ಕೋಡ್ ತೋರಿಸಿ, ಅವರು ಹಾಕಲಿ. ನೀವು ನಿಮ್ಮ ಬ್ಯಾಂಕ್ ಆ್ಯಪ್ ತೆರೆಯಿರಿ, ಮೊತ್ತ ನೋಡಿ, ಹೆಸರು ನೋಡಿ. ಆಮೇಲೆ ಮಾತ್ರ ಸಾಮಾನಿನಿಂದ ಕೈ ತೆಗೆಯಿರಿ. ಗಿರಾಕಿ ಮುಖ ಸಿಂಡರಿಸಿದರೂ ಪರವಾಗಿಲ್ಲ. 'ಎರಡು ನಿಮಿಷ ನಿಲ್ರೀ, ಅಕೌಂಟ್ ನೋಡ್ತೀನಿ' ಅಂದರೆ ನಿಜವಾದ ಗಿರಾಕಿ ಯಾರೂ ಸಿಟ್ಟಾಗಿದ್ದನ್ನು ನಾನು ಕಂಡಿಲ್ಲ.

ಗಾಡಿ ಮಾರುವಾಗ ರೊಕ್ಕ ದೊಡ್ಡದು. ಇಬ್ಬರೂ ನಿಮ್ಮ ಬ್ಯಾಂಕ್ ಶಾಖೆಗೇ ಹೋಗಿ. ನೋಟುಗಳನ್ನು ಕ್ಯಾಷಿಯರ್ ಎಣಿಸಿ, ಮಷಿನ್‌ಗೆ ಹಾಕಿ, ಖಾತೆಗೆ ಕಟ್ಟಿಸಿಕೊಳ್ಳಲಿ. ಖೋಟಾ ನೋಟಿನ ಭಯವೂ ಇರುವುದಿಲ್ಲ. 2,000 ರೂಪಾಯಿ ನೋಟು ಕೊಟ್ಟರೆ ಬೇಡ ಅನ್ನಿ. 2023ರಲ್ಲಿ ಅವುಗಳನ್ನು ಚಲಾವಣೆಯಿಂದ ವಾಪಸ್ ತೆಗೆದುಕೊಂಡಿದ್ದಾರೆ, ನಮ್ಮ ಊರಿನ ಬ್ಯಾಂಕುಗಳಲ್ಲಿ ನಡೆಯುವುದಿಲ್ಲ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶ ಇಲ್ಲ ಅನ್ನುವುದೂ ನೆನಪಿರಲಿ. ಗಾಡಿಯನ್ನು ಕೊಂಡವರ ಹೆಸರಿಗೆ ಮಾಡಿಸುವ ಫಾರ್ಮ್ 29, 30ಕ್ಕೆ ರೊಕ್ಕ ಬಂದ ಮೇಲೆಯೇ ಸಹಿ ಹಾಕಿ.

ಹೆಜ್ಜೆ 6: ರೊಕ್ಕ ಹೋಗಿಬಿಟ್ಟರೆ

ಅಳುವುದು, ಬೈಸಿಕೊಳ್ಳುವುದು ಆಮೇಲೆ. ಮೊದಲು ಫೋನ್ ಇಡಿ. ಅದೇ ನಿಮಿಷ 1930ಕ್ಕೆ ಕರೆ ಮಾಡಿ. ಇದು ದೇಶಕ್ಕೆಲ್ಲ ಒಂದೇ ಇರುವ ಸೈಬರ್ ವಂಚನೆ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ. ನೀವು ದೂರು ಕೊಟ್ಟ ತಕ್ಷಣ ರೊಕ್ಕ ಹೋದ ಬ್ಯಾಂಕಿಗೆ ಸುದ್ದಿ ಹೋಗುತ್ತದೆ, ಅಲ್ಲಿ ಇನ್ನೂ ಉಳಿದಿದ್ದರೆ ತಡೆಯುತ್ತಾರೆ. ವಂಚಕರು ರೊಕ್ಕವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸುತ್ತಾ ಹೋಗುತ್ತಾರೆ. ಮೊದಲ ಗಂಟೆಯಲ್ಲಿ ಹೇಳಿದರೆ ಸಿಗುವ ಅವಕಾಶ ಮರುದಿನ ಸಂಜೆ ಇರುವುದಿಲ್ಲ. ಚಿಗವ್ವನ ರೊಕ್ಕ ಹೋದದ್ದು ಹನ್ನೊಂದು ನಿಮಿಷದಲ್ಲಿ. ಅದು ಸಿಗದೇ ಹೋದದ್ದು ಅವಳು ಸುಮ್ಮನೆ ಕೂತ ಆ ಒಂದು ದಿನದಲ್ಲಿ. ಅವಳ ತಪ್ಪು ಅಂತ ನಾನು ಹೇಳುವುದಿಲ್ಲ. ಮನೆಯವರು ಬೈಯುತ್ತಾರೆ ಅನ್ನುವ ಭಯ ಅವಳಿಗೆ ಇತ್ತು. ಹಾಗಾಗಿ ಮನೆಯಲ್ಲಿ ಈಗಲೇ ಹೇಳಿಡಿ: ರೊಕ್ಕ ಹೋದರೆ ಯಾರೂ ಬೈಯುವುದಿಲ್ಲ, ತಕ್ಷಣ ಹೇಳಿ.

1930ರವರು ಕೇಳುವುದು ಇಷ್ಟು: ನಿಮ್ಮ ಬ್ಯಾಂಕ್ ಮತ್ತು ಖಾತೆ ನಂಬರ್, ಎಷ್ಟು ಹೋಯಿತು, ಯಾವಾಗ, ಆ ವಹಿವಾಟಿನ 12 ಅಂಕಿಯ ಯುಪಿಐ ನಂಬರ್, ವಂಚಕನ ಫೋನ್ ನಂಬರ್. ಯುಪಿಐ ಆ್ಯಪ್‌ನ ಹಿಸ್ಟರಿಯಲ್ಲಿ ಆ ವಹಿವಾಟಿನ ಮೇಲೆ ಒತ್ತಿದರೆ ಆ ನಂಬರ್ ಕಾಣುತ್ತದೆ. ಅವರು ಕೊಡುವ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಆಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರನ್ನು ಪೂರ್ತಿ ಮಾಡಿ, ಸ್ಕ್ರೀನ್‌ಶಾಟ್‌ಗಳನ್ನು ಸೇರಿಸಿ. ಸಿಟ್ಟಿನಲ್ಲಿ ಮೆಸೇಜ್ ಅಳಿಸಬೇಡಿ, ಆ ನಂಬರ್ ಬ್ಲಾಕ್ ಮಾಡುವ ಮೊದಲು ಎಲ್ಲದರ ಚಿತ್ರ ತೆಗೆದಿಟ್ಟುಕೊಳ್ಳಿ.

ಜೊತೆಗೇ ಬ್ಯಾಂಕಿಗೆ ತಿಳಿಸಿ. ಕಾರ್ಡ್ ಹಿಂದೆ ಅಥವಾ ಪಾಸ್‌ಬುಕ್ ಮೇಲೆ ಇರುವ ನಂಬರ್‌ಗೇ ಫೋನ್ ಮಾಡಿ. ಗೂಗಲ್‌ನಲ್ಲಿ ಹುಡುಕಿದರೆ ನಕಲಿ ಕಸ್ಟಮರ್ ಕೇರ್ ನಂಬರ್ ಸಿಗಬಹುದು. ಬ್ಯಾಂಕಿಗೆ ಹೇಳುವುದು ಯಾಕೆ ಮುಖ್ಯ ಅಂದರೆ, 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಪ್ರಕಾರ ನಮ್ಮ ತಪ್ಪಿನಿಂದ ಪಿನ್ ಅಥವಾ ಒಟಿಪಿ ಬೇರೆಯವರ ಕೈಗೆ ಹೋಗಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ದೂರು ಕೊಟ್ಟ ಹೊತ್ತು, ದೂರಿನ ನಂಬರ್ ಎರಡನ್ನೂ ಬರೆದಿಡಿ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಮಾಹಿತಿಗೆ 14448ಕ್ಕೆ ಕರೆ ಮಾಡಿ.

ಆಮೇಲೆ ಠಾಣೆ. ಜಿಲ್ಲೆಯ ಸೈಬರ್ ಅಪರಾಧದ ಸಿಇಎನ್ ಠಾಣೆ ದೂರವಿದ್ದರೆ ಹತ್ತಿರದ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. 'ಇದು ನಮ್ಮ ಠಾಣೆ ವ್ಯಾಪ್ತಿ ಅಲ್ಲ' ಅಂದರೆ 'ಝೀರೋ ಎಫ್‌ಐಆರ್ ಮಾಡಿಕೊಳ್ಳಿ' ಅಂತ ಗೌರವದಿಂದಲೇ ಕೇಳಿ. ವ್ಯಾಪ್ತಿ ಯಾರದೇ ಇದ್ದರೂ ದೂರು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸುವುದು ಅಂತ ಅದರ ಅರ್ಥ. ಅದು ಈಗ ಕಾನೂನಿನಲ್ಲೇ ಇದೆ.

ರೊಕ್ಕ ಹೋಗಿಲ್ಲ, ಆದರೆ ವಂಚಕ ಫೋನ್ ಮಾಡಿದ್ದ ಅಂದರೂ ಸುಮ್ಮನಿರಬೇಡಿ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ 'ಚಕ್ಷು' ಭಾಗದಲ್ಲಿ ಆ ನಂಬರ್ ಹಾಕಿ. ಎರಡು ನಿಮಿಷದ ಕೆಲಸ. ಆ ನಂಬರ್ ಬಂದ್ ಆದರೆ ಇನ್ಯಾವುದೋ ಊರಿನ ಇನ್ನೊಬ್ಬ ಚಿಗವ್ವ ಉಳಿಯುತ್ತಾಳೆ.

ಇನ್ನೊಂದು. ರೊಕ್ಕ ಕಳೆದುಕೊಂಡವರಿಗೆ ಕೆಲವು ವಾರದ ಮೇಲೆ ಮತ್ತೆ ಫೋನ್ ಬರುತ್ತದೆ. 'ಸೈಬರ್ ಇಲಾಖೆಯಿಂದ ಮಾತಾಡುತ್ತಿದ್ದೇವೆ, ನಿಮ್ಮ ರೊಕ್ಕ ಸಿಕ್ಕಿದೆ, ಫೈಲ್ ಚಾರ್ಜ್ 1,200 ಕಟ್ಟಿದರೆ ವಾಪಸ್ ಬರುತ್ತದೆ.' ಚಿಗವ್ವನಿಗೂ ಒಂದೂವರೆ ತಿಂಗಳ ಮೇಲೆ ಬಂತು. ಈ ಸಲ ಅವಳು ಫೋನ್ ಇಟ್ಟು ನನಗೆ ಕರೆ ಮಾಡಿದಳು. 1930ಕ್ಕಾಗಲಿ, ತಾಣದಲ್ಲಾಗಲಿ, ಠಾಣೆಯಲ್ಲಾಗಲಿ ದೂರು ಕೊಡಲು, ರೊಕ್ಕ ವಾಪಸ್ ಪಡೆಯಲು ಒಂದು ರೂಪಾಯಿಯೂ ಫೀ ಇಲ್ಲ.